ಬೀದಿ ಮನೆ ನಂಬರ್ ಲೆಕ್ಕ: ಉತ್ತರ 204 ಬಂತು, ಆದ್ರೆ ಯಾಕೆ ಬಂತು ಅಂತ ಗೊತ್ತಾಗ್ತಿಲ್ಲ, ಹೆಲ್ಪ್ ಮಾಡಿ

ಗೂಡುಪೇಟೆ ಹುಡ್ಗ (ಶಿಡ್ಲಘಟ್ಟ)

ಎಲ್ರಿಗೂ ನಮಸ್ಕಾರ. ನಾನು 10ನೇ ಕ್ಲಾಸು, ಕನ್ನಡ ಮೀಡಿಯಂ, ನಮ್ಮೂರು ಶಿಡ್ಲಘಟ್ಟ. ಕ್ಲಾಸಲ್ಲಿ ಲೆಕ್ಕಕ್ಕೆ ನಾನೇ ಫಸ್ಟು, ಅದಕ್ಕೆ ಸ್ವಲ್ಪ ಜಂಬನೂ ಇತ್ತು, ಮೊನ್ನೆ ಹಬ್ಬಕ್ಕೆ ಚಿಂತಾಮಣಿಯಿಂದ ನಮ್ಮ ಅತ್ತೆ ಮಗಳು ಬಂದು ಅದನ್ನೆಲ್ಲಾ ಇಳಿಸಿ ಹೋದ್ಲು. ಅವ್ಳಿನ್ನೂ 9ನೇ ಕ್ಲಾಸು! ಒಲಿಂಪಿಯಾಡ್ ಎಕ್ಸಾಮಿಗೆ ಓದ್ತಾವ್ಳಂತೆ. ಒಬ್ಬಟ್ಟು ತಿನ್ನೋಕೆ ಕೂತಾಗ ಎಲ್ರ ಮುಂದೆ ಈ ಲೆಕ್ಕ ಕೇಳಿದ್ಲು, ನಾನು ಬಿಡಿಸಿದ್ರೆ ಪಾನಿಪೂರಿ ಅವ್ಳ ಕಡೆಯಿಂದ, ಆಗ್ಲಿಲ್ಲ ಅಂದ್ರೆ ನನ್ನ ಕಡೆಯಿಂದ.

ಲೆಕ್ಕ ಇಷ್ಟೇ. ಒಂದು ಬೀದಿ, ಒಂದೇ ಸೈಡಲ್ಲಿ ಮನೆಗಳು, ನಂಬರ್ 1, 2, 3 ಅಂತ ಸಾಲಾಗಿ. ಒಬ್ಳ ಮನೆ ಮಧ್ಯ ಎಲ್ಲೋ ಐತೆ. ಅವ್ಳ ಮನೆಗಿಂತ ಹಿಂದಿರೋ ಮನೆ ನಂಬರ್‌ಗಳನ್ನೆಲ್ಲಾ ಕೂಡಿದ್ರೆ ಎಷ್ಟು ಬರುತ್ತೋ, ಮುಂದಿರೋ ಮನೆ ನಂಬರ್‌ಗಳನ್ನೆಲ್ಲಾ ಕೂಡಿದ್ರೂ ಅಷ್ಟೇ ಬರುತ್ತೆ. ಬೀದೀಲಿ 50ಕ್ಕಿಂತ ಜಾಸ್ತಿ 500ಕ್ಕಿಂತ ಕಮ್ಮಿ ಮನೆ ಅವೆ. ಅವ್ಳ ಮನೆ ನಂಬರ್ ಎಷ್ಟು?

ನಾನು ಮೊದ್ಲು ಚಿಕ್ಕ ಬೀದಿ ಹಿಡ್ಕೊಂಡೆ. 8 ಮನೆ ಇದ್ರೆ 6ನೇ ಮನೆ ಸರಿ ಹೋಗುತ್ತೆ, 1+2+3+4+5 = 15, ಆಕಡೆ 7+8 = 15. ಆಮೇಲೆ ರಫ್ ಬುಕ್ಕಲ್ಲಿ ಎರಡು ದಿನ ಕೂಡಿ ಕೂಡಿ 49 ಮನೆ ಬೀದೀಲಿ 35ನೇ ಮನೆ ಸಿಕ್ತು, ಎರಡೂ ಕಡೆ 595. ಒಂದೇ ಮನೆ ಇರೋ ಬೀದೀನೂ ಲೆಕ್ಕಕ್ಕೆ ತಗೊಂಡ್ರೆ (ಎರಡೂ ಕಡೆ ಸೊನ್ನೆ) ಮನೆ ನಂಬರ್ 1, 6, 35 ಆಯ್ತು. ಇದನ್ನೇ ನೋಡ್ತಾ ಕೂತಿದ್ದಾಗ 6×6 ರಲ್ಲಿ 1 ಕಳೆದ್ರೆ 35 ಅಂತ ಕಾಣ್ತು, ಹಂಗಾದ್ರೆ 35×6 ರಲ್ಲಿ 6 ಕಳೆದ್ರೆ 204 ಅಲ್ವಾ ಅಂತ ಸುಮ್ನೆ ಹಾಕಿ ನೋಡ್ದೆ. ಸಮಾಂತರ ಶ್ರೇಢಿ ಫಾರ್ಮುಲಾ ಹಾಕಿದ್ರೆ 1ರಿಂದ 203ರ ತನಕ 20706. 205ರಿಂದ 288ರ ತನಕ ಕೂಡಿದ್ರೂ 20706! ಕುಣಿದುಬಿಟ್ಟೆ.

ಫೋನ್ ಮಾಡಿ ಹೇಳಿದ್ರೆ ಅವ್ಳು, ಉತ್ತರ ಸರಿ, ಆದ್ರೆ ಪಾನಿಪೂರಿ ಇಲ್ಲ, ಆರರಿಂದ ಯಾಕೆ ಗುಣಿಸ್ದೆ ಹೇಳು, ಮಧ್ಯದಲ್ಲಿ ಬೇರೆ ಯಾವ ಮನೇನೂ ಬರಲ್ಲ ಅಂತ ಹೆಂಗೆ ಗೊತ್ತು ಹೇಳು ಅಂತಾಳೆ. ಸರಿ ಉತ್ತರ ಹೇಳಿದ್ಮೇಲೂ ಇದೇನು ನ್ಯಾಯ? ಜೊತೆಗೆ ರಾಮಾನುಜನ್ ಈ ಲೆಕ್ಕಾನ ಅಡುಗೆ ಮಾಡ್ತಾ ಮಾಡ್ತಾನೇ ಬಿಡಿಸಿದ್ರು ಅಂತ ಬೇರೆ ಹೇಳಿದ್ಲು, ಅದು ನಿಜಾನಾ ವಾಟ್ಸಾಪ್ ಕತೇನಾ ಅದನ್ನೂ ಯಾರಾದ್ರೂ ಹೇಳಿ.

ಎಕ್ಸೆಲ್ ರಾಜ (ಗೌರಿಬಿದನೂರು, ಸದ್ಯಕ್ಕೆ ಬೆಂಗಳೂರು ಟ್ರೇನಲ್ಲಿ)

ತಮ್ಮ, ಇದಕ್ಕೆಲ್ಲಾ ಎರಡು ದಿನ ಯಾಕಪ್ಪಾ ವೇಸ್ಟ್ ಮಾಡ್ದೆ. ಮೊದಲನೇ ಕಾಲಂನಲ್ಲಿ 1ರಿಂದ 500 ಎಳ್ದೆ, ಪಕ್ಕದಲ್ಲಿ ಅಲ್ಲೀ ತನಕ ಕೂಡಿದ ಮೊತ್ತ, ಅದರ ಪಕ್ಕದಲ್ಲಿ ಅದರ ವರ್ಗಮೂಲ, ಪಾಯಿಂಟ್ ಇಲ್ದೆ ಪೂರ್ತಿ ಸಂಖ್ಯೆ ಬಂದಿರೋದನ್ನ ಫಿಲ್ಟರ್ ಹಾಕ್ದೆ. ಬಂದಿದ್ದು 1, 8, 49, 288 ಮಾತ್ರ. 500ರೊಳಗೆ ಬೇರೆ ಯಾವ್ದೂ ಇಲ್ಲ, ಯಲಹಂಕ ಬರೋದ್ರೊಳಗೆ ಮುಗೀತು. ಈ ಸ್ಕ್ರೀನ್‌ಶಾಟ್ ಕಳಿಸಿ ಪಾನಿಪೂರಿ ತಿನ್ನು.

ಗೂಡುಪೇಟೆ ಹುಡ್ಗ

ಥ್ಯಾಂಕ್ಸ್ ಅಣ್ಣ, ಆದ್ರೆ ವರ್ಗಮೂಲ ಯಾಕೆ ತೆಗೆದ್ರಿ ಅಂತ ಅರ್ಥ ಆಗ್ಲಿಲ್ಲ. ಲೆಕ್ಕದಲ್ಲಿ ವರ್ಗ ಅನ್ನೋದೇ ಇಲ್ವಲ್ಲ?

ಎಕ್ಸೆಲ್ ರಾಜ

ಅದು ಕಾಲೇಜಲ್ಲಿ ಓದಿದ್ ನೆನಪಪ್ಪಾ, ಒಟ್ಟು ಮೊತ್ತ ವರ್ಗ ಆಗ್ಬೇಕು ಅಂತ ಅಷ್ಟು ಗ್ಯಾಪ್ಕ ಐತೆ, ಯಾಕೆ ಅಂತ ಕೇಳ್ಬೇಡ 😅

ಟೊಮೆಟೊ ಮಂಡಿ ಲೆಕ್ಕದೋನು (ಕೋಲಾರ)

ನಾನು ಹೇಳ್ಲಾ? ನಾನು ಪಿಯುಸಿಗೇ ಬಿಟ್ಟೋನು, ಈಗ ಎಪಿಎಂಸೀಲಿ ಒಂದ್ ಟೊಮೆಟೊ ಮಂಡೀಲಿ ಲೆಕ್ಕ ಬರೀತೀನಿ, ಫಾರ್ಮುಲಾ ಗೀರ್ಮುಲಾ ಬರಲ್ಲ, ಆದ್ರೆ ಬಾಕ್ಸ್ ಜೋಡಿಸೋದು ಚೆನ್ನಾಗಿ ಗೊತ್ತು.

ನಿನ್ನ 6ನೇ ಮನೆ ತಗೋ. ಎಡಗಡೆ 1, 2, 3, 4, 5. ಇದನ್ನ ಬಾಕ್ಸಲ್ಲಿ ಜೋಡಿಸು, ಮೊದಲನೇ ಸಾಲಲ್ಲಿ 1, ಎರಡನೇದ್ರಲ್ಲಿ 2, ಹಿಂಗೆ 5ರ ತನಕ, ಮೆಟ್ಲು ಮೆಟ್ಲಾಗಿ ಕಾಣುತ್ತೆ. ಬಲಗಡೇನೂ ಅಷ್ಟೇ ಬಾಕ್ಸ್ ತಾನೇ, ಅದು 7+8 ಆಗಿದ್ರೇನು, ಬಿಚ್ಚಿ ಅದನ್ನೂ ಇದೇ ಥರ 1ರಿಂದ 5ರ ಮೆಟ್ಲು ಮಾಡ್ಕೋ. ಈಗ ಒಂದೇ ಅಳತೆ ಎರಡು ಮೆಟ್ಲು. ಒಂದನ್ನ ತಲೆಕೆಳಗೆ ಮಾಡಿ ಇನ್ನೊಂದಕ್ಕೆ ಸೇರಿಸಿಬಿಟ್ರೆ ಸಂದಿ ಇಲ್ದಂಗೆ ಕೂತ್ಕೊಳ್ತದೆ, 5 ಸಾಲು, ಸಾಲಿಗೆ 6 ಬಾಕ್ಸ್. ಉಳಿದಿದ್ದು ಅವ್ಳ ಮನೆ ನಂಬರ್ 6 ಬಾಕ್ಸ್, ಅದನ್ನ ಇನ್ನೊಂದ್ ಸಾಲಾಗಿ ಇಟ್ರೆ 6 ಸಾಲು, ಸಾಲಿಗೆ 6. ಸರಿಯಾಗಿ ಚೌಕ! 36 ಬಾಕ್ಸು. ಬೀದೀಲಿರೋ ಎಲ್ಲಾ ನಂಬರ್ ಕೂಡಿದ್ರೂ 1ರಿಂದ 8ರ ತನಕ 36 ತಾನೇ.

ಅಂದ್ರೆ ಅತ್ತೆ ಮಗಳು ಕೇಳ್ತಿರೋದು ಏನಂದ್ರೆ ಅದೇ ಬಾಕ್ಸ್‌ಗಳನ್ನ ಮೆಟ್ಲಾಗೂ ಜೋಡಿಸ್ಬೋದು ಚೌಕವಾಗೂ ಜೋಡಿಸ್ಬೋದು, ಹಂಗಿರೋ ಬಾಕ್ಸ್ ಎಷ್ಟು ಅಂತ. 15 ಕೆಜಿ ಬಾಕ್ಸು ಎತ್ತಿ ನೋಡಿದ್ರೆ ಗೊತ್ತಾಗುತ್ತೆ, ಬರೀ ರಫ್ ಬುಕ್ಕಲ್ಲಿ ಗೊತ್ತಾಗಲ್ಲ.

ಪಿಸಿಎಂ ಅಕ್ಕ (ತುಮಕೂರು)

ಮಂಡಿ ಅಣ್ಣ, ಇಷ್ಟು ಚೆನ್ನಾಗಿ ನಮ್ಮ ಕಾಲೇಜಲ್ಲೂ ಯಾರೂ ಹೇಳಿಲ್ಲ, ನಿಜವಾಗ್ಲೂ.

ಶಿಡ್ಲಘಟ್ಟ ತಮ್ಮ, ಮೊದ್ಲು ನಿನ್ನ ಅತ್ತೆ ಮಗಳ ಪರ ಒಂದ್ ಮಾತು. ಪ್ಯಾಟರ್ನ್ ಕಂಡ್ರೆ ಸಾಕು ಅಂದ್ಕೋಬೇಡ. ಈಗ್ಲೇ ಒಂದು ವೃತ್ತ ಬರಿ, ಅಂಚಿನ ಮೇಲೆ ಚುಕ್ಕಿ ಇಡು, ಎಲ್ಲಾ ಚುಕ್ಕಿಗಳನ್ನೂ ಒಂದಕ್ಕೊಂದು ಗೆರೆ ಎಳೆದು ಸೇರಿಸು, ಒಳಗೆ ಎಷ್ಟು ತುಂಡಾಯ್ತು ಎಣಿಸು. ಒಂದ್ ಚುಕ್ಕಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ? ಎಲ್ರೂ 32 ಅಂತಾರೆ, ನಾನೂ ಅಂದಿದ್ದೆ. ಮೂರು ಗೆರೆ ಒಂದೇ ಕಡೆ ಸೇರದಂಗೆ ಹುಷಾರಾಗಿ ಬರೆದು ಎಣಿಸು, 31 ಬರುತ್ತೆ. ಐದು ಸಲ ಸರಿ ಬಂದಿದ್ದು ಆರನೇ ಸಲ ಕೈ ಕೊಡುತ್ತೆ, ನೀನು ನೋಡಿದ್ದು ಬರೀ ಮೂರು ಸಂಖ್ಯೆ!

ಈಗ ಲೆಕ್ಕಕ್ಕೆ ಬರೋಣ. ಒಟ್ಟು ಮನೆ ಮ ಅಂತ ಇಟ್ಕೋ, ಅವ್ಳ ಮನೆ ನಂಬರ್ ನ. ಮಂಡಿ ಅಣ್ಣ ಹೇಳಿದ್ದನ್ನ ಬರೆದ್ರೆ ಮ(ಮ+1)/2 = ನ² (ಎಡಗಡೆ ಇರೋದು 1ರಿಂದ ಮ ತನಕದ ಮೊತ್ತ, ಬಲಗಡೆ ಅದೇ ಬಾಕ್ಸ್‌ಗಳ ಚೌಕ). ಎರಡರಿಂದ ಗುಣಿಸಿದ್ರೆ ಮ(ಮ+1) = 2ನ². ಈಗ ನೋಡು, ಮ ಮತ್ತೆ ಮ+1 ಪಕ್ಕ ಪಕ್ಕದ ಸಂಖ್ಯೆ, ಅವೆರಡನ್ನೂ ಭಾಗಿಸೋ ಸಂಖ್ಯೆ 1 ಬಿಟ್ರೆ ಬೇರೆ ಯಾವ್ದೂ ಇರಲ್ಲ (ಇದ್ರೆ ಅದು ಅವುಗಳ ವ್ಯತ್ಯಾಸ 1ನ್ನೂ ಭಾಗಿಸ್ಬೇಕಿತ್ತು). ಬಲಗಡೆ ಇರೋದು ಒಂದು ವರ್ಗ ಮತ್ತೆ ಒಂಟಿ 2. ಒಂದೊಂದು ಅವಿಭಾಜ್ಯ ಅಪವರ್ತನಾನೂ ಒಂದೋ ಪೂರ್ತಿ ಮ ಕಡೆ ಹೋಗ್ಬೇಕು ಇಲ್ಲಾ ಪೂರ್ತಿ ಮ+1 ಕಡೆ ಹೋಗ್ಬೇಕು, ಅರ್ಧರ್ಧ ಹಂಚ್ಕೊಳೋ ಹಂಗಿಲ್ಲ. ಹಂಗಾಗಿ ಎರಡರಲ್ಲಿ ಒಂದು ಸರಿಯಾದ ವರ್ಗ, ಇನ್ನೊಂದು ವರ್ಗದ ಎರಡರಷ್ಟು. ನಿನ್ನ ಉತ್ತರಗಳನ್ನೇ ನೋಡು: 8 ಮತ್ತು 9, ಅಂದ್ರೆ 2×2² ಮತ್ತು 3². 49 ಮತ್ತು 50, ಅಂದ್ರೆ 7² ಮತ್ತು 2×5². 288 ಮತ್ತು 289, ಅಂದ್ರೆ 2×12² ಮತ್ತು 17².

ಇಲ್ಲಿಗೆ ಲೆಕ್ಕ ಎಷ್ಟು ಸಣ್ಣದಾಯ್ತು ಅಂದ್ರೆ, 500 ಬೀದಿ ನೋಡೋ ಬದ್ಲು 1ರಿಂದ 15ರ ತನಕ ಸಂಖ್ಯೆ ತಗೋ, ವರ್ಗದ ಎರಡರಷ್ಟು ಬರಿ, ಅದಕ್ಕಿಂತ ಒಂದ್ ಜಾಸ್ತಿ ಅಥ್ವಾ ಒಂದ್ ಕಮ್ಮಿ ವರ್ಗ ಆಗಿದ್ಯಾ ನೋಡು, ಅಷ್ಟೇ. 16ಕ್ಕೆ ಹೋದ್ರೆ 512, ಬೀದಿ ದಾಟಿ ಹೋಯ್ತು. ಕೈಯಲ್ಲೇ ಮಾಡು, ಎಕ್ಸೆಲ್ ಬೇಡ.

ಎಕ್ಸೆಲ್ ರಾಜ

ಎಕ್ಸೆಲ್ ಮೇಲೆ ಯಾಕಮ್ಮ ಕೋಪ, 500ನ್ನೂ ಒಂದೊಂದಾಗಿ ನೋಡಿದ್ರೆ ಅದೂ ಪ್ರೂಫೇ ಅಲ್ವಾ?

ಪಿಸಿಎಂ ಅಕ್ಕ

ಪ್ರೂಫೇ ಅಣ್ಣ, ಇಲ್ಲ ಅನ್ನಲ್ಲ. 500ರೊಳಗೆ ಬೇರೆ ಇಲ್ಲ ಅಂತ ಗೊತ್ತಾಯ್ತು. ಆದ್ರೆ ಆರು ಯಾಕೆ ಅಂತ ನಿಮ್ಮ ಫಿಲ್ಟರ್ ಹೇಳ್ಲಿಲ್ವಲ್ಲ. ಮತ್ತೆ ಎಕ್ಸಾಮ್ ಹಾಲಿಗೆ ಲ್ಯಾಪ್‌ಟಾಪ್ ಬಿಡಲ್ಲ.

ಚುಕ್ಕಿ ಸೊನ್ನೆ (ಬಾಗೇಪಲ್ಲಿ)

ಸ್ವಲ್ಪ ಸೈಡಿಗೆ ಹೋಗ್ತಿದೀನಿ ಬೈಬೇಡಿ. ಮೊಬೈಲ್ ಕ್ಯಾಲ್ಕುಲೇಟರಲ್ಲಿ 152207 × 73 ಒತ್ತಿ ನೋಡಿ. ನೋಡಿದ್ರಾ? ಆಮೇಲೆ 27994681 × 441 ಒತ್ತಿ. ಇವು ಈಗಿನ ರೀಲ್ಸಲ್ಲಿ ಬಂದಿದ್ದಲ್ಲ, 9ನೇ ಶತಮಾನದಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿರೋವು, ಉತ್ತರ ಎಡದಿಂದ ಓದಿದ್ರೂ ಬಲದಿಂದ ಓದಿದ್ರೂ ಒಂದೇ, ಹಾರ ಕಟ್ಟಿದಂಗೆ. ನಮ್ಮನೇಲಿ ಮಾತಾಡೋದು ತೆಲುಗು, ಆದ್ರೆ ಅಜ್ಜಿ ಮಗ್ಗಿ ಹೇಳ್ಕೊಟ್ಟಿದ್ದು ಕನ್ನಡದಲ್ಲಿ, ಹಂಗಾಗಿ ಈಗ್ಲೂ ಗುಣಾಕಾರ ಮನಸಲ್ಲಿ ಕನ್ನಡದಲ್ಲೇ ಓಡುತ್ತೆ. ನಿಮಗೂ ಹಂಗೇನಾ?

ಇನ್ನೊಂದು, ಈ ಲೆಕ್ಕ ಐಒಕ್ಯುಎಂನಲ್ಲಿ (ಗಣಿತ ಒಲಿಂಪಿಯಾಡ್‌ನ ಮೊದಲನೇ ಹಂತದ ಎಕ್ಸಾಮು) ಬಂದ್ರೆ 204 ಅಂತ ಬರೆಯೋಕೇ ಆಗಲ್ಲ, ಅಲ್ಲಿ ಉತ್ತರ ಎಲ್ಲಾ ಎರಡೇ ಅಂಕಿ, 00ಯಿಂದ 99. ಆದ್ದರಿಂದ ಕೊನೇಲಿ 100ರಿಂದ ಭಾಗಿಸಿದ್ರೆ ಶೇಷ ಎಷ್ಟು ಅಂತ ಒಂದ್ ಬಾಲ ಸೇರಿಸಿ ಕೇಳ್ತಾರೆ, ನೀನು ಓಎಂಆರ್‌ನಲ್ಲಿ 04 ತುಂಬ್ತೀಯ. 30 ಪ್ರಶ್ನೆ, ಮೂರು ಗಂಟೆ, ರಫ್ ಬುಕ್ಕಲ್ಲಿ ಎರಡು ದಿನ ಕೂಡೋಕೆ ಟೈಮಿರಲ್ಲ ಮಗಾ.

ಗೂಡುಪೇಟೆ ಹುಡ್ಗ

ಅಕ್ಕ ಮಾಡ್ದೆ! 15 ಸಾಲು, ಹತ್ತು ನಿಮಿಷ ಅಷ್ಟೇ. 2, 8, 18, 32, 50, 72, 98, 128, 162, 200, 242, 288, 338, 392, 450. ಇದ್ರಲ್ಲಿ ಪಕ್ಕದಲ್ಲಿ ವರ್ಗ ಇರೋವು 2 (ಪಕ್ಕ 1), 8 (ಪಕ್ಕ 9), 50 (ಪಕ್ಕ 49), 288 (ಪಕ್ಕ 289) ಮಾತ್ರ. ಮತ್ತೆ 50ಕ್ಕಿಂತ ಜಾಸ್ತಿ ಮನೆ ಅಂತ ಯಾಕೆ ಹೇಳಿದ್ಲು ಅಂತ ಈಗ ತಲೆಗೆ ಹೋಯ್ತು, 49 ಮನೆ ಬೀದಿ ಒಂದು ಇತ್ತಲ್ಲ, ಅದನ್ನ ಆಚೆ ಹಾಕೋಕೆ. ಎಷ್ಟು ಕಿಲಾಡಿ.

ವೃತ್ತದ್ದೂ ಮಾಡ್ದೆ, ಮೊದಲನೇ ಸಲ 30 ಬಂತು, ಮಧ್ಯದಲ್ಲಿ ಮೂರು ಗೆರೆ ಒಂದೇ ಕಡೆ ಸೇರಿತ್ತು, ಎರಡನೇ ಸಲ 31.

ಇನ್ನೊಂದು ಕಂಡಿದೀನಿ, ಸರಿನಾ ನೋಡಿ. ವರ್ಗದ ಒಳಗಿರೋ ಸಂಖ್ಯೆ 1, 3, 7, 17. ಎರಡರಷ್ಟರ ಒಳಗಿರೋದು 1, 2, 5, 12. ಗುಣಿಸಿದ್ರೆ 1×1 = 1, 3×2 = 6, 7×5 = 35, 17×12 = 204. ಮನೆ ನಂಬರೇ ಬರ್ತೈತೆ! ಆದ್ರೆ ಆರು ಎಲ್ಲಿಂದ ಬಂತು ಇನ್ನೂ ಗೊತ್ತಿಲ್ಲ.

ನಿವೃತ್ತ ಮೇಷ್ಟ್ರು (ಮುಳಬಾಗಿಲು)

ಮಕ್ಕಳೇ, ಎರಡು ದಿನದಿಂದ ಓದ್ತಾ ಇದೀನಿ, ಬಾಯಿ ಹಾಕಬಾರದು, ನೀವೇ ಮಾಡ್ಲಿ ಅಂತ ಸುಮ್ಮನಿದ್ದೆ. ಆದ್ರೆ ಹುಡುಗ 3/2, 7/5, 17/12 ತನಕ ಬಂದುಬಿಟ್ಟ ಮೇಲೆ ತಡ್ಕೊಳೋಕೆ ಆಗ್ಲಿಲ್ಲ. ಭಿನ್ನರಾಶಿ ಮಾಡಿ ನೋಡಪ್ಪಾ: 1.5, 1.4, 1.41666... ಯಾವ ಸಂಖ್ಯೆ ಕಡೆ ಹೋಗ್ತಿದೆ? ಎರಡರ ವರ್ಗಮೂಲ. ಒಂದ್ಸಲ ಜಾಸ್ತಿ ಒಂದ್ಸಲ ಕಮ್ಮಿ, ಹಗ್ಗ ಜಗ್ಗಾಟದ ಥರ ಹತ್ರ ಹತ್ರ ಬರುತ್ತೆ. ಯಾಕೆ ಅಂದ್ರೆ ಒಂದು ವರ್ಗವೂ ಇನ್ನೊಂದು ವರ್ಗದ ಎರಡರಷ್ಟೂ ಬರೀ ಒಂದರಷ್ಟು ದೂರ ಇದ್ದಾವೆ, ಸಂಖ್ಯೆ ದೊಡ್ಡದಾದಷ್ಟೂ ಆ ಒಂದು ಲೆಕ್ಕಕ್ಕೇ ಬರಲ್ಲ.

ರಾಮಾನುಜನ್ ವಿಷಯ ನಿಜ, ವಾಟ್ಸಾಪ್ ಕತೆ ಅಲ್ಲ. ಮೊದಲನೇ ಮಹಾಯುದ್ಧ ಶುರುವಾದ 1914ರ ಕೊನೇಲಿ ಸ್ಟ್ರಾಂಡ್ ಅನ್ನೋ ಇಂಗ್ಲಿಷ್ ಮ್ಯಾಗಜಿನ್‌ನಲ್ಲಿ ಈ ಲೆಕ್ಕ ಬಂದಿತ್ತು, ಬೆಲ್ಜಿಯಂ ದೇಶದ ಲೂವೆನ್ ಊರಿನ ಒಂದು ಬೀದಿ ಅಂತ. ಆಗ ಕೇಂಬ್ರಿಡ್ಜಲ್ಲಿ ಓದ್ತಿದ್ದ ಪಿ. ಸಿ. ಮಹಾಲನೋಬಿಸ್, ಮುಂದೆ ಭಾರತದಲ್ಲಿ ಸಂಖ್ಯಾಶಾಸ್ತ್ರ ಬೆಳೆಸಿದವರು ಅವರೇ, ರಾಮಾನುಜನ್ ರೂಮಿಗೆ ಹೋಗಿ ಓದಿ ಹೇಳಿದ್ರು. ರಾಮಾನುಜನ್ ಒಲೆ ಮೇಲಿನ ಬಾಣಲೇಲಿ ತರಕಾರಿ ಕೈಯಾಡಿಸ್ತಾ ಇದ್ರು, ಹಂಗೇ ಕೈಯಾಡಿಸ್ತಾನೇ ಬರ್ಕೋ ಅಂತ ಹೇಳಿ ಒಂದು ಸತತ ಭಿನ್ನರಾಶಿ (ಛೇದದೊಳಗೆ ಮತ್ತೊಂದು ಭಿನ್ನರಾಶಿ, ಅದರ ಛೇದದೊಳಗೆ ಇನ್ನೊಂದು, ಹಿಂಗೇ ಹೋಗೋದು) ಹೇಳಿಬಿಟ್ರು. ಮಹಾಲನೋಬಿಸ್ ತಾವು ಹಾಕಿ ತೆಗೆದು ಒಂದು ಉತ್ತರ ಕಂಡ್ಕೊಂಡಿದ್ರು, ನಮ್ಮ ಶಿಡ್ಲಘಟ್ಟದ ಹುಡುಗನ ಥರಾನೇ. ರಾಮಾನುಜನ್ ಹೇಳಿದ್ದು ಒಂದು ಬೀದಿಗಲ್ಲ, ಇಂಥ ಎಷ್ಟು ಬೀದಿ ಇದ್ದಾವೋ ಅಷ್ಟಕ್ಕೂ.

ಆದ್ರೆ ರಾಮಾನುಜನ್‌ಗೂ ಮುಂಚಿನ ಕತೆ ಇದೆ. ಒಂದು ವರ್ಗಾನ ಯಾವುದೋ ಸಂಖ್ಯೆಯಿಂದ ಗುಣಿಸಿ, ಒಂದು ಕೂಡಿ ಇನ್ನೊಂದು ವರ್ಗ ಬರ್ಬೇಕು, ಇದು ಬ್ರಹ್ಮಗುಪ್ತ 628ರಲ್ಲೇ ಹಿಡಿದ ಲೆಕ್ಕ. 92ರಿಂದ ಗುಣಿಸಿ ಒಂದು ಕೂಡಿದ್ರೆ ವರ್ಗ ಬರುವಂಥ ವರ್ಗ ಯಾವುದು ಅಂತ ಕೇಳಿ, ಇದನ್ನ ಒಂದು ವರ್ಷದೊಳಗೆ ಬಿಡಿಸಿದವನು ಗಣಕ, ಅಂದ್ರೆ ಗಣಿತಜ್ಞ, ಅಂತ ಬರೆದಿದ್ದಾರೆ. ಉತ್ತರ 120 ಮತ್ತು 1151, ಗುಣಿಸಿ ನೋಡಿ. ಆಮೇಲೆ 1150ರಲ್ಲಿ ಭಾಸ್ಕರಾಚಾರ್ಯರು ಚಕ್ರವಾಲ ಅನ್ನೋ ವಿಧಾನದಲ್ಲಿ 61ಕ್ಕೆ ಮಾಡಿದ್ರು, ಅದರ ಅತಿ ಚಿಕ್ಕ ಉತ್ತರವೇ 226153980 ಮತ್ತು 1766319049. ಐನೂರು ವರ್ಷ ಆದ್ಮೇಲೆ 1657ರಲ್ಲಿ ಫ್ರಾನ್ಸಿನ ಫರ್ಮಾ ಇದೇ 61ನ್ನ ಯೂರೋಪಿನವರಿಗೆ ಸವಾಲು ಹಾಕಿದ್ರು. ಈಗ ಎಲ್ಲಾ ಕಡೆ ಪೆಲ್ ಸಮೀಕರಣ ಅಂತಾರೆ, ಆಯ್ಲರ್ ಅನ್ನೋ ಗಣಿತಜ್ಞರು ಯಾರದೋ ಕೆಲಸಕ್ಕೆ ಪೆಲ್ ಹೆಸರು ತಪ್ಪಾಗಿ ಅಂಟಿಸಿದ್ದು ಹಂಗೇ ಉಳೀತು.

ಇನ್ನೂ ಒಂದು ಹೇಳಿ ಸುಮ್ಮನಾಗ್ತೀನಿ. 17/12 ಆದ್ಮೇಲೆ 41/29, 99/70, 239/169, 577/408 ಬರುತ್ತೆ. ಯಜ್ಞವೇದಿ ಕಟ್ಟೋ ಅಳತೆ ಹೇಳೋ ಹಳೇ ಗ್ರಂಥ ಶುಲ್ಬಸೂತ್ರದಲ್ಲಿ ಎರಡರ ವರ್ಗಮೂಲಕ್ಕೆ ಕೊಟ್ಟಿರೋ ಬೆಲೆ ಒಂದು, ಅದಕ್ಕೆ ಮೂರನೇ ಒಂದು ಕೂಡು, ಹನ್ನೆರಡನೇ ಒಂದು ಕೂಡು, ನಾನೂರೆಂಟನೇ ಒಂದು ಕಳಿ ಅಂತ. ಛೇದ ಸಮ ಮಾಡಿ ಕೂಡಿದ್ರೆ ಸರಿಯಾಗಿ 577/408. ಯಜ್ಞದ ಇಟ್ಟಿಗೆ ಜೋಡಿಸೋರ ಲೆಕ್ಕಕ್ಕೂ ನಮ್ಮ ಕೋಲಾರದ ಟೊಮೆಟೊ ಬಾಕ್ಸ್ ಲೆಕ್ಕಕ್ಕೂ ಇಷ್ಟೇ ದೂರ.

ಟೊಮೆಟೊ ಮಂಡಿ ಲೆಕ್ಕದೋನು

ಮೇಷ್ಟ್ರೇ ನಮಸ್ಕಾರ. ನಿಮ್ಮಂಥೋರು ನಮಗೆ ಸಿಕ್ಕಿದ್ರೆ ಮಂಡೀಲಿ ಇರ್ತಿರ್ಲಿಲ್ವೇನೋ. ಇರ್ಲಿ, ಮಂಡೀನೂ ಚೆನ್ನಾಗೇ ಐತೆ, ರೇಟ್ ಬಿದ್ದಾಗ ಬಿಟ್ಟು.

ಪಿಸಿಎಂ ಅಕ್ಕ

ಮೇಷ್ಟ್ರು ಹೇಳಿದ್ಮೇಲೆ ನಾನು ಸ್ವಲ್ಪಾನೇ ಸೇರಿಸ್ತೀನಿ, ಆರು ಮಾತ್ರ ಹೇಳಲ್ಲ, ಅದನ್ನ ತಮ್ಮನೇ ಕಂಡ್ಕೋಬೇಕು.

ವರ್ಗದ ಒಳಗಿನ ಸಂಖ್ಯೆ ಅ, ಎರಡರಷ್ಟರ ಒಳಗಿನದು ಕ. ಷರತ್ತು ಏನು, ಅ² ಮತ್ತು 2ಕ² ಮಧ್ಯ ಒಂದೇ ವ್ಯತ್ಯಾಸ. ಈಗ ಹೊಸ ಅ ಅಂದ್ರೆ ಅ+2ಕ, ಹೊಸ ಕ ಅಂದ್ರೆ ಅ+ಕ ಅಂತ ಮಾಡು. (1, 1) ಇಂದ (3, 2), ಅಲ್ಲಿಂದ (7, 5), ಅಲ್ಲಿಂದ (17, 12), ಅಲ್ಲಿಂದ (41, 29). ಹೊಸದರ ವರ್ಗ ಬಿಡಿಸಿ ಕಳೆದು ನೋಡು, (ಅ+2ಕ)² ರಲ್ಲಿ 2(ಅ+ಕ)² ಕಳೆದ್ರೆ 4ಅಕ ಎರಡೂ ಕಡೆ ಹೊಡೆದುಹೋಗಿ 2ಕ² − ಅ² ಉಳಿಯುತ್ತೆ. ಅಂದ್ರೆ ವ್ಯತ್ಯಾಸ ಅದೇ ಒಂದು, ಚಿಹ್ನೆ ಮಾತ್ರ ಉಲ್ಟಾ. ಅದಕ್ಕೇ ಒಂದ್ಸಲ ವರ್ಗ ಮುಂದೆ, ಒಂದ್ಸಲ ಹಿಂದೆ.

ಮಧ್ಯದಲ್ಲಿ ಬೇರೆ ಯಾವ್ದೂ ಇಲ್ಲ ಅಂತ ಹೆಂಗೆ? ಮೆಟ್ಲು ಹತ್ತೋ ಬದ್ಲು ಇಳಿ. ಯಾವುದೋ ಒಂದು ಜೋಡಿ ಕಳ್ಳತನದಲ್ಲಿ ಎಲ್ಲೋ ಕೂತಿದೆ ಅಂತ ಇಟ್ಕೋ, ಅದರ ಕ 1ಕ್ಕಿಂತ ದೊಡ್ಡದು. ಹಿಂದಿನ ಮೆಟ್ಲು ಅಂದ್ರೆ (2ಕ−ಅ, ಅ−ಕ). ಅ² ಅನ್ನೋದು 2ಕ²ಕ್ಕೆ ಅಂಟ್ಕೊಂಡೇ ಇರೋದ್ರಿಂದ ಅ ಯಾವಾಗ್ಲೂ ಕಗಿಂತ ದೊಡ್ಡದು, 2ಕಗಿಂತ ಚಿಕ್ಕದು, ಹಂಗಾಗಿ ಇಳಿದಾಗ ಎರಡೂ ಸೊನ್ನೆಗಿಂತ ದೊಡ್ಡವೇ ಇರ್ತಾವೆ, ಕ ಮಾತ್ರ ಚಿಕ್ಕದಾಗುತ್ತೆ. ಇಳೀತಾ ಇಳೀತಾ ಕ 1 ಆಗ್ಲೇಬೇಕು, ಅಲ್ಲಿರೋದು (1, 1) ಒಂದೇ. ಅಂದ್ರೆ ಆ ಕಳ್ಳ ಜೋಡೀನೂ ಇದೇ ಮೆಟ್ಲು ಹತ್ತಿ ಬಂದಿರೋದು. 500 ಅಲ್ಲ, 500 ಕೋಟಿ ಮನೆ ಇದ್ರೂ ಅಷ್ಟೇ.

ಈಗ ಆರು. ಮನೆ ನಂಬರ್ ನ ಅಂದ್ರೆ ಅಕ. ಮುಂದಿನ ಮನೆ ನಂಬರ್ ಬರಿ, ಹಿಂದಿನ ಮನೆ ನಂಬರ್ ಬರಿ. ಕೂಡು.

ಗೂಡುಪೇಟೆ ಹುಡ್ಗ

ಅಕ್ಕಾಆಆ ಸಿಕ್ತು!!

ಅಪ್ಪ ರೇಷ್ಮೆ ಗೂಡು ಮಾರ್ಕೆಟ್‌ಗೆ ಕರ್ಕೊಂಡ್ ಹೋಗಿದ್ರು, ಹರಾಜು ಮುಗಿಯೋ ತನಕ ಒಂದು ಮೂಲೇಲಿ ಕೂತು ತೂಕದ ಚೀಟಿ ಹಿಂದೆ ಬರೆದೆ. ಮುಂದಿನದು (ಅ+2ಕ)(ಅ+ಕ), ಬಿಡಿಸಿದ್ರೆ ಅ² + 3ಅಕ + 2ಕ². ಹಿಂದಿನದು (2ಕ−ಅ)(ಅ−ಕ), ಬಿಡಿಸಿದ್ರೆ 3ಅಕ − ಅ² − 2ಕ². ಕೂಡಿದ್ರೆ ವರ್ಗ ಎಲ್ಲಾ ಹೊಡೆದುಹೋಗಿ 6ಅಕ! ಮುಂದಿನ ಮನೆ + ಹಿಂದಿನ ಮನೆ = ಆರು ಸಲ ಈಗಿನ ಮನೆ. ಅದಕ್ಕೇ 6×6−1, 35×6−6. ಸುಮ್ನೆ ಹಾಕಿ ನೋಡಿದ್ದು ಸರಿಯಾಗೇ ಇತ್ತು, ಯಾಕೆ ಅಂತ ಗೊತ್ತಿರ್ಲಿಲ್ಲ. ಮುಂದಿನದು 204×6−35 = 1189, ಅದು 1681 ಮನೆ ಬೀದಿ, 41² ತಾನೇ 1681, ಪಕ್ಕದಲ್ಲಿ 1682 ಅಂದ್ರೆ 2×29². ಸರಿ ಹೋಯ್ತು! ಅಪ್ಪ ಚೀಟಿ ಎಲ್ಲೋ ಅಂತ ಹುಡುಕ್ತಿದ್ರು, ಕೊಟ್ಟೆ, ಹಿಂದೆ ನೋಡಿ ಏನೋ ಇದು ಅಂದ್ರು, ಬೈಲಿಲ್ಲ.

ಸಾಯಂಕಾಲ ಅತ್ತೆ ಮಗಳಿಗೆ ಎಲ್ಲಾ ಹೇಳ್ದೆ, ಬಾಕ್ಸ್ ಚೌಕದಿಂದ ಹಿಡಿದು ಇಳಿಯೋ ಮೆಟ್ಲ ತನಕ. ಪೂರ್ತಿ ಸುಮ್ನೆ ಕೇಳಿಸ್ಕೊಂಡ್ಲು. ಸರಿ, ಪಾನಿಪೂರಿ ನಂದೇ ಅಂತ ಒಪ್ಕೊಂಡ್ಲು. ಒಪ್ಕೊಂಡು ತಕ್ಷಣ ಇನ್ನೊಂದು ಎಸೆದ್ಲು: ನಿಮ್ಮ ಬೀದೀಲಿ ಮನೆ ನಂಬರ್ ಹಂಗೆಲ್ಲಿ ಐತೋ, ಒಂದ್ ಸೈಡು ಬರೀ ಬೆಸ, ಆಕಡೆ ಸೈಡು ಬರೀ ಸಮ ಅಲ್ವಾ. ಬೆಸ ಸೈಡಲ್ಲಿ, 1, 3, 5, 7 ಅಂತ ಇರೋ ಕಡೆ, ಅದೇ ಲೆಕ್ಕ ಮಾಡು ಅಂತ. ಸಮ ಸೈಡು ಸುಲಭ, ಎಲ್ಲಾ ಎರಡರಷ್ಟು, 16ನೇ ನಂಬರ್ ತನಕ ಇರೋ ಬೀದೀಲಿ 12. ಬೆಸ ಗೊತ್ತಾಗ್ತಿಲ್ಲ.

ಟೊಮೆಟೊ ಮಂಡಿ ಲೆಕ್ಕದೋನು

ಒಂದು ಸಿಕ್ತು. ಐದು ಮನೆ, 1, 3, 5, 7, 9. ಮನೆ 7. ಎಡಗಡೆ 1+3+5 = 9, ಬಲಗಡೆ ಒಂದೇ ಮನೆ, ಅದೂ 9.

ಮತ್ತೆ ಬೆಸ ಸಂಖ್ಯೆ ಮೊದಲಿಂದ ಕೂಡ್ತಾ ಹೋದ್ರೆ ಯಾವಾಗ್ಲೂ ಚೌಕಾನೇ, ಒಂದ್ ಬಾಕ್ಸ್ ಇಟ್ಟು ಸುತ್ತ ಮೂಲೆ ಥರ 3 ಇಡು, ಆಮೇಲೆ 5 ಇಡು.

ನಿವೃತ್ತ ಮೇಷ್ಟ್ರು

ಆಹಾ. ಮಂಡಿಯವರೇ, ನಿಮ್ಮ ಐದು ಮನೇಲೇ ಎಲ್ಲಾ ಇದೆ. ಎಡಗಡೆ ಮೂರು ಮನೆ, ಮೊತ್ತ 3². 7ನ್ನೂ ಸೇರಿಸಿದ್ರೆ ನಾಲ್ಕು ಮನೆ, 4². ಪೂರ್ತಿ ಬೀದಿ ಐದು ಮನೆ, 5². ಬಲಗಡೆ ಅಂದ್ರೆ ಪೂರ್ತಿಯಲ್ಲಿ 4² ಕಳೆದದ್ದು, ಅದು 3²ಗೆ ಸಮ ಆಗ್ಬೇಕು. 3² + 4² = 5². ಹುಡುಗಾ, ಇದು ಪೈಥಾಗೊರಸ್ ತ್ರಿಭುಜ, ಒಂದೇ ಷರತ್ತು, ಚಿಕ್ಕ ಎರಡು ಬಾಹು ಪಕ್ಕ ಪಕ್ಕದ ಸಂಖ್ಯೆ ಆಗಿರ್ಬೇಕು. ಇನ್ನೊಂದು ಹುಡುಕು.

ಗೂಡುಪೇಟೆ ಹುಡ್ಗ

20, 21, 29! 400 + 441 = 841. ಅಂದ್ರೆ 29 ಮನೆ, 21ನೇ ಮನೆ ನಂಬರ್ 41, ಕೊನೇ ಮನೆ 57. ಎಡಗಡೆ 400, ಬಲಗಡೆ 841−441 = 400.

ತಡೀರಿ ತಡೀರಿ. 5 ಮನೆ ನಂಬರ್ 7, 29 ಮನೆ ನಂಬರ್ 41. ಅಂದ್ರೆ 7/5, 41/29. ಇದು ಅದೇ ಸಾಲು, ಒಂದು ಬಿಟ್ಟು ಒಂದು! ಮಧ್ಯದ 17/12 ಮತ್ತೆ 99/70 ಎಲ್ಲಿ ಹೋದ್ವು? ಮುಂದಿನದು 239/169 ಆಗಿದ್ರೆ 169 ಮನೆ ಬೀದೀಲಿ 239ನೇ ನಂಬರ್, ಅಂದ್ರೆ 119, 120, 169. ಮಾಡಿ ನೋಡ್ದೆ, 14161 + 14400 = 28561, ಸರಿ ಬಂತು.

ಅಷ್ಟುದ್ದದ ಬೀದಿ ಶಿಡ್ಲಘಟ್ಟದಲ್ಲಿ ಯಾವ್ದಿರ್ಬೋದು? ನಾಳೆ ಸೈಕಲ್ ತಗೊಂಡ್ ನೋಡ್ಕೊಂಡ್ ಬರ್ತೀನಿ, ಯಾರಾದ್ರೂ 239ನೇ ನಂಬರ್ ಮನೇಲಿದ್ರೆ ಹೇಳಿ.